ನಡುಗುವ ಕೈಯಲ್ಲಿ ಒಂದು ಪಾಠ

ನಾನು ಹೆದರುವವರ ಪೈಕಿ. ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಈಗ ನನ್ನನ್ನು ಕಂಡವರು ನಂಬುವುದಿಲ್ಲ. ಎಲ್ಲಾದರೂ ಒಂದು ಸಭೆಯಲ್ಲಿ ಎದ್ದು ನಿಂತು ನಾಲ್ಕು ಮಾತಾಡಿದರೆ ಸಾಕು, ಆಮೇಲೆ ಯಾರಾದರೊಬ್ಬರು ಕಾಲೇಜಿಗೆ ಹೋಗುವ ಮಗಳನ್ನು ಮುಂದೆ ದೂಡಿಕೊಂಡು ಬರುತ್ತಾರೆ. "ಟೀಚರ್, ಇವಳಿಗೆ ಪರೀಕ್ಷೆ ಅಂದ್ರೆ ಕೈಕಾಲು ನಡುಕ. ನೀವು ಹೆದರಿಕೆಯನ್ನು ಗೆದ್ದದ್ದು ಹೇಗೆ ಅಂತ ಸ್ವಲ್ಪ ಹೇಳಿ." ನಾನು ಗೆದ್ದಿಲ್ಲ ಮಾರಾಯ್ರೇ, ಇವತ್ತು ಇಲ್ಲಿಗೆ ಹೊರಡುವಾಗಲೂ ಹೊಟ್ಟೆ ಕಲಕಿದೆ ಎಂದರೆ ಅವರ ಮುಖ ಬಾಡುತ್ತದೆ. ಅವರಿಗೆ ಬೇಕಾದದ್ದು ಗೆದ್ದ ಕತೆ. ನನ್ನಲ್ಲಿರುವುದು ಗೆಲ್ಲದೆಯೇ ನಡೆದುಕೊಂಡು ಬಂದ ಕತೆ. ಅದನ್ನೇ ಬರೆಯುತ್ತೇನೆ. ಬೇಡದವರು ಇಲ್ಲಿಗೇ ಬಿಟ್ಟರೂ ನನಗೆ ಬೇಸರವಿಲ್ಲ.

ನಮ್ಮ ಮನೆ ಕಾಪುವಿನಲ್ಲಿ, ಹೆದ್ದಾರಿಗೂ ಸಮುದ್ರಕ್ಕೂ ನಡುವೆ. ಅಪ್ಪ ಬೊಂಬಾಯಿಯ ಒಂದು ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಿದ್ದರು, ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಮನೆಯಲ್ಲಿ ಇರುತ್ತಿದ್ದದ್ದು ಅಮ್ಮ ಮತ್ತು ನಾನು. ಮನೆಮಾತು ತುಳು. ತುಳುವಿನಲ್ಲಿ ಹೆದರಿಕೆಗೆ ಪೋಡಿಗೆ ಎನ್ನುತ್ತೇವೆ. ಕತ್ತಲೆಗೆ, ಸಿಡಿಲಿಗೆ, ಅಟ್ಟಿಸಿಕೊಂಡು ಬರುವ ನಾಯಿಗೆ ಹೆದರಿದರೆ ಅದು ಪೋಡಿಗೆ. ಆದರೆ ಪರೀಕ್ಷೆಯ ದಿನ ಬೆಳಗ್ಗೆ ನಾನು ಬಚ್ಚಲಿಗೆ ಓಡಿ ವಾಂತಿ ಮಾಡುವುದಕ್ಕೆ, ಪೆನ್ನು ಹಿಡಿಯಲಾಗದಷ್ಟು ಬೆರಳು ನಡುಗುವುದಕ್ಕೆ ಅಮ್ಮ ಬೇರೆಯೇ ಹೆಸರು ಇಟ್ಟಿದ್ದರು. ಅದು ಪಿತ್ತ. ಓದಿ ಓದಿ ನಿದ್ದೆಗೆಟ್ಟು ಪಿತ್ತ ಕೆದರಿದೆ, ಅಷ್ಟೆ.

ಪಿತ್ತಕ್ಕೆ ನಮ್ಮ ಕಡೆ ಮದ್ದು ಪುನರ್ಪುಳಿ. ಬೇಸಿಗೆಯಲ್ಲಿ ಆ ಹಣ್ಣಿನ ಕಡುಗೆಂಪು ಸಿಪ್ಪೆಯನ್ನು ಸಕ್ಕರೆಯಲ್ಲಿ ಹಾಕಿ ಬಿಸಿಲಿಗಿಟ್ಟು ಅಮ್ಮ ರಸ ಇಳಿಸುತ್ತಿದ್ದರು. ಬಾಟಲಿಗಳಲ್ಲಿ ತುಂಬಿಸಿ ಅಡುಗೆಮನೆಯ ನಾಗಂದಿಗೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಶಾಲೆಯ ಪರೀಕ್ಷೆಗೂ ಒಂದು ಲೋಟ, ಕಾಲೇಜಿನ ಪರೀಕ್ಷೆಗೂ ಒಂದು ಲೋಟ. ಕುಡಿದರೂ ವಾಂತಿ, ಕುಡಿಯದಿದ್ದರೂ ವಾಂತಿ. ಹಾಗಂತ ಅಮ್ಮನಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಅಷ್ಟು ಪ್ರೀತಿಯಿಂದ ಕೊಟ್ಟದ್ದಕ್ಕೆ ಗುಣವಿಲ್ಲ ಎನ್ನುವುದು ಹೇಗೆ?

ಎಂಬತ್ತರ ದಶಕದ ಶುರುವಿನಲ್ಲಿ ಬಿಎಸ್ಸಿ ಮುಗಿಸಿದೆ. ಮುಂದೆ ಬಿಎಡ್ ಮಾಡುತ್ತೇನೆ ಎಂದಾಗ ಬೊಂಬಾಯಿಯಿಂದ ಬಂದ ಅಪ್ಪ ಚಾವಡಿಯಲ್ಲಿ ಕೂತು ಒಂದೇ ಮಾತು ಹೇಳಿದರು. "ಒಂದು ವರ್ಷ ಬಿಟ್ಟಿದ್ದೇನೆ. ಪಾಸಾದರೆ ಕೆಲಸ. ಆಗದಿದ್ದರೆ ಬಂದ ಸಂಬಂಧಕ್ಕೆ ಹೂಂ ಅನ್ನಬೇಕು." ಅಪ್ಪ ಕೆಟ್ಟವರಲ್ಲ, ಅವರ ಲೆಕ್ಕದಲ್ಲಿ ಅದು ದೊಡ್ಡ ಉದಾರತೆಯೇ. ನನಗೆ ಟೀಚರ್ ಆಗಬೇಕಿತ್ತು. ಬೇಕೇ ಬೇಕಿತ್ತು. ಹೆದರುವವರಿಗೆ ಆಸೆ ಸಣ್ಣದು ಎಂದು ಜನ ಯಾಕೆ ತಿಳಿಯುತ್ತಾರೋ ಗೊತ್ತಿಲ್ಲ. ನನ್ನ ಆಸೆ ನನ್ನ ಹೆದರಿಕೆಯಷ್ಟೇ ದೊಡ್ಡದಿತ್ತು.

ಉಡುಪಿಯಲ್ಲಿ ಸೀಟು ಸಿಕ್ಕಿತು. ಅಲ್ಲಿ ನಮಗೆ ಮನಶ್ಶಾಸ್ತ್ರ ಕಲಿಸುವ ಸರ್ ಒಬ್ಬರಿದ್ದರು. ಒಳ್ಳೆಯ ಮಾತುಗಾರರು, ಇಸ್ತ್ರಿ ಮುರಿಯದ ಅಂಗಿ, ಗಂಭೀರ ಕನ್ನಡ. ಬೇಸಿಗೆ ರಜೆಯಲ್ಲಿ ಘಟ್ಟದ ಮೇಲೆ ಯಾವುದೋ ಶಿಬಿರಕ್ಕೆ ಹೋಗಿ ಬಂದಿದ್ದರು. ಬರುವಾಗ ಮನುಷ್ಯರನ್ನು ವಿಂಗಡಿಸುವ ವಿದ್ಯೆಯನ್ನು ಕಲಿತುಕೊಂಡು ಬಂದಿದ್ದರು. ಹುಟ್ಟಿನಿಂದಲೇ ಕೆಲವರು ಬಹಿರ್ಮುಖಿ, ಕೆಲವರು ಅಂತರ್ಮುಖಿ, ಇನ್ನು ಕೆಲವರು ಆತಂಕದ ಸ್ವಭಾವದವರು. ಸ್ವಭಾವ ತಿಳಿದರೆ ಆ ಮನುಷ್ಯ ಎಲ್ಲಿಯವರೆಗೆ ಹೋಗುತ್ತಾನೆ ಎಂದು ಕೂತಲ್ಲೇ ಹೇಳಬಹುದಂತೆ. ಅದನ್ನು ಹೇಳುವಾಗ ಅವರ ಮುಖದಲ್ಲಿ ಜ್ಯೋತಿಷಿಗಳ ಮುಖದ ಕಳೆಯೇ ಇರುತ್ತಿತ್ತು.

ಒಂದು ದಿನ ಪ್ರಶ್ನೆಗಳನ್ನು ಓದುತ್ತಾ ಹೋದರು, ಹೌದು ಎನ್ನುವವರು ಕೈ ಎತ್ತಬೇಕು. "ಬಾಗಿಲಿಗೆ ಚಿಲಕ ಹಾಕಿದ್ದೀರೋ ಇಲ್ಲವೋ ಎಂದು ಮತ್ತೆ ಮತ್ತೆ ನೋಡುತ್ತೀರಾ?" ನಾನು ಎತ್ತಿದೆ. ಕಾಪುವಿನ ನಮ್ಮ ಬಾಗಿಲು ಕಡಲಿಗೆ ಮುಖ ಮಾಡಿದ್ದು. ಆಟಿ ತಿಂಗಳ ಮಳೆಗಾಳಿಗೆ ಚಿಲಕ ಒಮ್ಮೆ ಕಳಚಿತೆಂದರೆ ಒಲೆಯ ಬೂದಿ ಚಾವಡಿಗೆ ಬರುತ್ತದೆ. ನೋಡದೆ ಮಲಗುವವರು ಇದ್ದರೆ ಅವರಿಗೆ ಬುದ್ಧಿ ಇಲ್ಲ ಎಂದರ್ಥ. "ಅಪರಿಚಿತರೊಡನೆ ಮಾತಾಡಲು ಹಿಂಜರಿಯುತ್ತೀರಾ?" ಮತ್ತೆ ಎತ್ತಿದೆ. ಹಿಂಜರಿಯುವುದಿಲ್ಲ ಎಂದು ಹೇಳುವ ಮಗಳನ್ನು ನಮ್ಮೂರಿನ ಯಾವ ತಾಯಿ ಮನೆಯೊಳಗೆ ಸೇರಿಸುತ್ತಿದ್ದಳು? "ಔತಣಕೂಟಗಳಲ್ಲಿ ಮೂಲೆಯಲ್ಲಿ ನಿಲ್ಲುತ್ತೀರಾ?" ನಾನು ನೋಡಿದ ಔತಣವೆಂದರೆ ಬಾಳೆಲೆ ಹಾಕಿ ನೆಲದ ಮೇಲೆ ಸಾಲಾಗಿ ಕೂರಿಸುವುದು. ಅಲ್ಲಿ ನಿಂತವರು ಬಡಿಸುವವರು ಮಾತ್ರ. ನನ್ನ ಪಕ್ಕದಲ್ಲಿ ಕೂತಿದ್ದ ಕುಕ್ಕುಂದೂರಿನ ಗೆಳತಿ ಕಿಸಕ್ಕನೆ ನಕ್ಕಳು. ಅವಳು ಒಂದಕ್ಕೂ ಕೈ ಎತ್ತಲಿಲ್ಲ.

ಕೊನೆಗೆ ಸರ್ ತೀರ್ಪು ಕೊಟ್ಟರು. ಗೆಳತಿ ಬಹಿರ್ಮುಖಿ, ಹುಟ್ಟು ಶಿಕ್ಷಕಿ. ಅದು ಸುಳ್ಳೆಂದು ನಾನು ಹೇಳುವುದಿಲ್ಲ. ಅವಳು ಬಂದರೆ ಕೋಣೆಗೆ ಬೆಳಕು ಬಂದ ಹಾಗೆ, ಬಸ್ಸಿನ ಕಂಡಕ್ಟರರ ಹತ್ತಿರವೂ ಜಗಳವಾಡಿ ಸೀಟು ಗಿಟ್ಟಿಸುವವಳು. ನಾನು ಆತಂಕದ ಸ್ವಭಾವ. "ಇಂಥವರಿಗೆ ಲೈಬ್ರರಿ, ಆಫೀಸು, ಅಂಥ ಕೆಲಸ ಒಳ್ಳೆಯದು. ತರಗತಿ ಕಷ್ಟ" ಎಂದರು ಸರ್. ಇಡೀ ತರಗತಿ ನನ್ನತ್ತ ತಿರುಗಿತು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಹೆದರುವವರಿಗೆ ಸಿಟ್ಟು ಬರುವುದಿಲ್ಲ ಎಂಬುದೂ ಅವರ ಶಾಸ್ತ್ರದಲ್ಲಿ ಇತ್ತೋ ಏನೋ.

ವರ್ಷದ ಎರಡನೆಯ ಭಾಗದಲ್ಲಿ ಪಾಠಾಭ್ಯಾಸಕ್ಕೆಂದು ನಮ್ಮ ತಂಡವನ್ನು ಕಾರ್ಕಳದ ಒಂದು ಹೈಸ್ಕೂಲಿಗೆ ಹಾಕಿದರು. ನಿಜವಾದ ಮಕ್ಕಳು, ನಿಜವಾದ ತರಗತಿ. ನಾವು ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ಸರ್ ಮತ್ತು ಸಹಪಾಠಿಗಳು ಕೂತು ತಪ್ಪು ಬರೆದುಕೊಳ್ಳುವುದು. ನಾನು ಕಾರ್ಕಳದ ಪಕ್ಕದ ಕುಕ್ಕುಂದೂರಿನಲ್ಲಿ ಗೆಳತಿಯ ಮನೆಯಲ್ಲಿ ಉಳಿದೆ. ಚೀಲದಲ್ಲಿ ಬಟ್ಟೆಗಿಂತ ಮೊದಲು ಅಮ್ಮ ಇಟ್ಟದ್ದು ಪುನರ್ಪುಳಿಯ ಬಾಟಲಿಗಳನ್ನು. ಅಷ್ಟೇ ಅಲ್ಲದೆ ಗೆಳತಿಯ ಅಮ್ಮನಿಗೆ ಹೇಳಿಯೂ ಕಳಿಸಿದ್ದರು. "ಇವಳಿಗೆ ಪಿತ್ತ ಉಂಟು. ಪಾಠದ ದಿನ ಬೆಳಗ್ಗೆ ಖಾಲಿ ಹೊಟ್ಟೆಗೆ ದಪ್ಪಗೆ ಮಾಡಿ ಕೊಡಿ."

ಗೆಳತಿಯ ಅಮ್ಮ ಹೇಳಿದ ಮಾತು ಮೀರುವವರಲ್ಲ. ಮೊದಲ ಪಾಠದ ದಿನ ದೊಡ್ಡ ಚೊಂಬಿನಲ್ಲಿ ನೀರು ಸೋಕದ ಹಾಗೆ ದಪ್ಪ ರಸ ತಂದು ಎದುರು ನಿಂತರು. ಅವರ ಮನೆಯಲ್ಲಿ ಉಳಿದು ಬೇಡ ಎನ್ನಲಿಕ್ಕಾಗುತ್ತದೆಯೇ? ಕುಡಿದೆ. ಗೆಳತಿ ಆಗ ಸ್ನಾನಕ್ಕೆ ಹೋಗಿದ್ದಳು, ಅವಳಿಗೆ ಇದು ಗೊತ್ತಾಗಲಿಲ್ಲ. ಶಾಲೆಗೆ ಹೋದೆ. ಗಂಟೆ ಹೊಡೆಯುವ ಸ್ವಲ್ಪ ಮೊದಲು ಎಂದಿನ ಹಾಗೆ ವಾಂತಿ ಬಂತು, ಶಾಲೆಯ ಹಿಂದಿನ ತೆಂಗಿನ ಬುಡಕ್ಕೆ ಓಡಿದೆ. ಹಿಂದೆಯೇ ಬಂದ ಗೆಳತಿ ನೆಲ ನೋಡಿ ಬೊಬ್ಬೆ ಹೊಡೆದಳು.

"ಅಯ್ಯೋ ದೇವರೇ, ರಕ್ತ! ರಕ್ತ ಕಾರ್ತಾ ಉಂಟು ಇವಳು!"

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರೇ ಎಲ್ಲರೂ. ಹೆಡ್ಮಾಸ್ಟ್ರು ಓಡಿಬಂದರು, ಮಕ್ಕಳು ಕಿಟಕಿಗೆ ಜೋತುಬಿದ್ದರು. ಸರ್ ಬಿಳಿಚಿಕೊಂಡು ಬಾಡಿಗೆ ಕಾರು ತರಿಸಿದರು. ನಾನು "ಅಲ್ಲ ಸರ್, ಅದು..." ಎಂದು ಬಾಯಿ ತೆರೆದಾಗಲೆಲ್ಲ "ಮಾತಾಡಬೇಡಿ, ಮಾತಾಡಬೇಡಿ, ರಕ್ತ ಇನ್ನೂ ಬರುತ್ತದೆ" ಎಂದು ಅವರೇ ಬಾಯಿ ಮುಚ್ಚಿಸಿದರು. ಕಾರ್ಕಳದಿಂದ ಮಣಿಪಾಲದವರೆಗೆ ಕಾರಿನಲ್ಲಿ ನನ್ನ ತಲೆಯನ್ನು ಗೆಳತಿ ತೊಡೆಯ ಮೇಲಿಟ್ಟು ಅಳುತ್ತಿದ್ದಳು. ನನಗೆ ಹೆದರಿಕೆ ಹೋಗಿ ನಗು ಬರುತ್ತಿತ್ತು, ನಕ್ಕರೆ ಬುದ್ಧಿಭ್ರಮಣೆ ಎಂದಾರು ಎಂದು ತುಟಿ ಕಚ್ಚಿ ಮಲಗಿದ್ದೆ.

ಆಸ್ಪತ್ರೆಯಲ್ಲಿ ನನ್ನನ್ನು ನೋಡಿದ ಡಾಕ್ಟರು ನಾಲಿಗೆ ಚಾಚಲು ಹೇಳಿದರು, ಸೆರಗಿಗೆ ಬಿದ್ದ ಕಲೆ ನೋಡಿದರು, ಬಗ್ಗಿ ಮೂಸಿದರು. "ಬೆಳಗ್ಗೆ ಎಂತ ಕುಡಿದದ್ದು?" "ಪುನರ್ಪುಳಿ." ಆ ಪುಣ್ಯಾತ್ಮರು ಸರ್ ಕಡೆ ತಿರುಗಿ, "ಮಾಸ್ಟ್ರೇ, ನೀವು ಉಡುಪಿಯವರೇ ಅಲ್ವಾ?" ಎಂದು ಕೇಳಿದರು. ನರ್ಸುಗಳು ಗೊಳ್ಳೆಂದು ನಕ್ಕರು. ಸರ್ ನಗಲಿಲ್ಲ. ಮರುದಿನ ಕಾರ್ಕಳದ ಶಾಲೆಯಲ್ಲಿ, ಅದರ ಮರುದಿನ ಉಡುಪಿಯ ಕಾಲೇಜಿನಲ್ಲಿ ಎಲ್ಲರ ಬಾಯಲ್ಲೂ ಪುನರ್ಪುಳಿಯೇ. ಯಾರೋ ಅವರ ಮೇಜಿನ ಮೇಲೆ ಒಂದು ಹಣ್ಣನ್ನೂ ಇಟ್ಟುಹೋದರು. ಆ ಹಣ್ಣು ನನಗೆ ತುಟ್ಟಿಯಾಯಿತು.

ಸರ್ ನನ್ನನ್ನು ಕರೆದರು. ಹಾಗಾದರೆ ವಾಂತಿ ಯಾಕೆ ಆದದ್ದು ಎಂದು ಕೇಳಿದರು. ಹೆದರಿಕೆ ಸರ್ ಎಂದೆ. ಯಾವಾಗಲೂ ಆಗುತ್ತದೆಯೇ ಎಂದರು. ಯಾವಾಗಲೂ ಎಂದೆ. ಸುಳ್ಳು ಹೇಳಿದ್ದರೆ ಬದುಕುತ್ತಿದ್ದೆನೋ ಏನೋ, ಹೇಳಲಿಲ್ಲ.

"ನಾನು ಅವತ್ತೇ ಹೇಳಿದ್ದೆ, ನಿಮ್ಮದು ಆತಂಕದ ಸ್ವಭಾವ ಅಂತ. ಮಣಿಪಾಲದಲ್ಲಿ ಮನಸ್ಸಿನ ಡಾಕ್ಟರಿಗೆ ತೋರಿಸಿ. ಪಾಠ ಮಾಡಲು ಅಡ್ಡಿ ಇಲ್ಲ ಅಂತ ಬರೆಸಿಕೊಂಡು ಬನ್ನಿ. ಇಲ್ಲದಿದ್ದರೆ ಅಂತಿಮ ಪಾಠಕ್ಕೆ ನಿಮ್ಮನ್ನು ಕೂರಿಸುವುದಿಲ್ಲ."

ಅಂತಿಮ ಪಾಠವೆಂದರೆ ಹೊರಗಿನ ಪರೀಕ್ಷಕರ ಎದುರು ಮಾಡುವ ಪಾಠ. ಅದಿಲ್ಲದೆ ಪಾಸಿಲ್ಲ, ಪಾಸಿಲ್ಲದೆ ಅಪ್ಪನ ವರ್ಷ ಮುಗಿಯಿತು.

ಕಾಪುವಿಗೆ ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ದೇವಸ್ಥಾನದಿಂದ ತಂದ ನೂಲನ್ನು ನನ್ನ ಕೈಗೆ ಕಟ್ಟಿದರು. "ಹೋಗು ಮಗಾ. ಆದರೆ ಯಾರಾದರೂ ಕಂಡು ಕೇಳಿದರೆ ಕಣ್ಣಿನ ಡಾಕ್ಟರಿಗೆ ತೋರಿಸಲಿಕ್ಕೆ ಅಂತ ಹೇಳು. ಊರ ಬಾಯಿಗೆ ಬೀಳಬೇಡ" ಎಂದರು.

ಮಣಿಪಾಲದಲ್ಲಿ ಯಾರಿಗೂ ಕಾಣದೆ ಒಂದು ಬೆಂಚಿನ ಮೇಲೆ ಕೂರಬಹುದು ಎಂದು ಅಮ್ಮ ನಂಬಿದ್ದರು. ಕುಂದಾಪುರದಿಂದ ಕಾಪುವಿನವರೆಗೆ, ಕಾರ್ಕಳದ ಆಚೆಯವರೂ, ಕೈ ಮುರಿದರೂ ಹೆರಿಗೆಯಾದರೂ ಬರುವುದು ಅಲ್ಲಿಗೇ. ಮದುವೆಮನೆಯಲ್ಲಿ ಸಿಗದ ನೆಂಟರೂ ಅಲ್ಲಿ ಸಿಗುತ್ತಾರೆ. ನಾನು ಮನಸ್ಸಿನ ಡಾಕ್ಟರರ ಕೋಣೆಯ ಹೊರಗೆ ಕೂತಿದ್ದೆ. ಅಷ್ಟರಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಅದೇ ದಾರಿಯಲ್ಲಿ ಬಂದರು. ಗಂಡನ ಕಾಲಿನ ಪ್ಲಾಸ್ಟರ್ ಬಿಚ್ಚಿಸಲು ಬಂದವರು. ನನ್ನನ್ನು ನೋಡಿದರು, ಬಾಗಿಲ ಮೇಲಿನ ಬೋರ್ಡು ನೋಡಿದರು, ಮತ್ತೆ ನನ್ನನ್ನು ನೋಡಿದರು. ಏನೂ ಕೇಳದೆ ಮುಂದೆ ಹೋದರು. ಕೇಳಿದ್ದರೆ ಒಳ್ಳೆಯದಿತ್ತು.

ಡಾಕ್ಟರ್ ನಡುವಯಸ್ಸಿನ ಹೆಂಗಸು. ಎಲ್ಲವನ್ನೂ ಸಾವಧಾನವಾಗಿ ಕೇಳಿಸಿಕೊಂಡರು.

"ವಾಂತಿ ಆದ ಮೇಲೆ ಎಂತ ಮಾಡ್ತೀರಿ?"

"ಬಾಯಿ ತೊಳೆದು ಪರೀಕ್ಷೆಗೆ ಹೋಗ್ತೇನೆ."

"ಹೋಗದೆ ಉಳಿದದ್ದು ಉಂಟಾ?"

ನೆನಪು ಮಾಡಿಕೊಂಡೆ. ಆ ಕಾರಿನ ದಿನವೊಂದನ್ನು ಬಿಟ್ಟರೆ ಉಳಿದಿರಲಿಲ್ಲ. ಶಾಲೆಯಲ್ಲಾಗಲಿ ಕಾಲೇಜಿನಲ್ಲಾಗಲಿ ಒಂದು ಪರೀಕ್ಷೆಯನ್ನೂ ನಾನು ಬಿಟ್ಟವಳಲ್ಲ. ಇಷ್ಟು ವರ್ಷ ಅದನ್ನು ನನಗೆ ಯಾರೂ ಹೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ.

"ಮತ್ತೆ ಧೈರ್ಯ ಅಂದ್ರೆ ಬೇರೆ ಎಂತ ಅಂತ ನಿಮ್ಮ ಸರ್ ಹೇಳ್ತಾರೆ?" ಎಂದರು ಡಾಕ್ಟರ್. ಕಷ್ಟ ಹೆಚ್ಚಾದರೆ ಮತ್ತೆ ಬರಬೇಕು, ನಾಚಿಕೊಳ್ಳಬಾರದು, ಮದ್ದೂ ಉಂಟು ಎಂದು ಹೇಳಿದರು. ಪಾಠ ಮಾಡಲು ಏನೂ ಅಡ್ಡಿಯಿಲ್ಲವೆಂದು ಬರೆದುಕೊಟ್ಟರು.

ಉಡುಪಿಯಿಂದ ಕಾಪುವಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಮನೆಯ ಅಕ್ಕನೂ ಇದ್ದರು. ಗಂಡನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಅವರು ನನ್ನ ಹತ್ತಿರ ಬಂದು ನಿಂತರು. ಸುತ್ತ ನಮ್ಮೂರಿನವರೇ, ಎಲ್ಲರ ಕಿವಿ ಈ ಕಡೆಗೇ. ಅಕ್ಕ ದನಿ ಇಳಿಸಿ ಕೇಳಿದರು. "ಎಂತ ಮಗಾ, ಅಲ್ಲಿ ಯಾರಿಗೆ ಹುಷಾರಿಲ್ಲ?"

ಕಣ್ಣು ಎಂಬ ಶಬ್ದ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಮ್ಮನ ಮುಖವೂ ಎದುರು ಬಂತು. ಆದರೆ ಆ ಸುಳ್ಳು ಹೇಳಿದರೆ ಸರ್ ಹೇಳಿದ್ದೇ ಸರಿ ಎಂದು ನಾನೇ ಒಪ್ಪಿದ ಹಾಗೆ ಆಗುತ್ತಿತ್ತು, ಇದು ಮುಚ್ಚಿಡಬೇಕಾದ ಕಳಂಕ ಎಂದು. ಸೀಟಿನ ಕಂಬಿ ಹಿಡಿದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ನನಗೇ ಅಕ್ಕ. ನನಗೆ ತುಂಬ ಹೆದರಿಕೆ ಆಗುತ್ತದೆ. ಅದಕ್ಕೆ ಮನಸ್ಸಿನ ಡಾಕ್ಟರಿಗೆ ತೋರಿಸಿದೆ."

ಅಕ್ಕ "ಹೌದಾ" ಎಂದು ಗಂಡನ ಪಕ್ಕಕ್ಕೆ ಹೋಗಿ ನಿಂತರು. ಆ ವಾರವೇ ಬರಬೇಕಿದ್ದ ಒಂದು ಸಂಬಂಧದವರು ಬರಲಿಲ್ಲ. ಅಮ್ಮ ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಮೂರನೆಯ ದಿನ ಬಾವಿಕಟ್ಟೆಯಲ್ಲಿ ಯಾರೋ ಹೆಂಗಸು ಮಗಳಿಗೆ ಈಗ ಹೇಗಿದೆ ಎಂದು ಮೂಗು ಮುರಿದು ಕೇಳಿದಳಂತೆ. ಅಮ್ಮ ಕೊಡಪಾನ ಕೆಳಗಿಟ್ಟು, "ಹಲ್ಲು ನೋವಿಗೆ ಹಲ್ಲಿನ ಡಾಕ್ಟರು, ಹೆದರಿಕೆಗೆ ಹೆದರಿಕೆಯ ಡಾಕ್ಟರು. ನಿನಗೆ ಬಾಯಿಗೆ ಡಾಕ್ಟರು ಬೇಕಾದರೆ ಅದೂ ಮಣಿಪಾಲದಲ್ಲಿ ಉಂಟಂತೆ" ಎಂದರಂತೆ. ನನಗೆ ಇದನ್ನು ಹೇಳಿದ್ದು ಅಮ್ಮನಲ್ಲ, ಬಾವಿಕಟ್ಟೆಯಲ್ಲಿದ್ದ ಬೇರೆಯವರು. ಅಮ್ಮ ಅವತ್ತು ಸಂಜೆ ನನ್ನ ತಲೆಗೆ ಎಣ್ಣೆ ಹಾಕಿದರು.

ಡಾಕ್ಟರರ ಕಾಗದವನ್ನು ಸರ್ ಎರಡು ಸಲ ಓದಿದರು. "ಅಡ್ಡಿ ಇಲ್ಲ ಅಂತ ಬರೆದಿದ್ದಾರೆ. ಸ್ವಭಾವ ಬದಲಾಗುತ್ತದೆ ಅಂತ ಬರೆದಿಲ್ಲ ಅಲ್ವಾ?" ಎಂದರು. ಪಾಠಕ್ಕೆ ಕೂರಿಸುವುದು ಅವರಿಗೆ ಅನಿವಾರ್ಯವಾಯಿತು. ಆದರೆ ಇದನ್ನು ಪರೀಕ್ಷಕರ ಗಮನಕ್ಕೆ ತರುವುದು ತಮ್ಮ ಕರ್ತವ್ಯ ಎಂದು ಮುಖಕ್ಕೆ ಹೇಳಿಯೇ ಕಳಿಸಿದರು.

ನಾನು ವಿಜ್ಞಾನದವಳು. ಅಂತಿಮ ಪಾಠಕ್ಕೆ ಗಾಳಿಯ ಒತ್ತಡ ಎಂಬ ಪಾಠ ತೆಗೆದುಕೊಂಡಿದ್ದೆ. ಅದರಲ್ಲಿ ಒಂದು ಪ್ರಯೋಗವಿದೆ. ಗಾಜಿನ ಲೋಟದ ತುಂಬ ನೀರು ತುಂಬಿ, ಬಾಯಿಗೆ ದಪ್ಪ ರಟ್ಟು ಮುಚ್ಚಿ, ತಲೆಕೆಳಗೆ ಮಾಡಿ ರಟ್ಟಿನಿಂದ ಕೈ ತೆಗೆಯಬೇಕು. ನೀರು ಬೀಳುವುದಿಲ್ಲ, ಕೆಳಗಿನಿಂದ ಗಾಳಿ ಒತ್ತಿ ಹಿಡಿಯುತ್ತದೆ. ಸರ್ ನನ್ನ ಪಾಠ ಯೋಜನೆ ನೋಡಿ, "ಇದು ನಿಮ್ಮ ಕೈಯಲ್ಲಿ ಆಗುವುದಲ್ಲ, ಚಿತ್ರ ಬರೆದು ತೋರಿಸಿ" ಎಂದರು. ನಾನು ಚಿತ್ರವನ್ನೂ ಬರೆದೆ, ಲೋಟವನ್ನೂ ಚೀಲಕ್ಕೆ ಹಾಕಿಕೊಂಡೆ.

ಅಂತಿಮ ಪಾಠದ ದಿನ ಕಾರ್ಕಳದ ಅದೇ ಶಾಲೆ. ಘಟ್ಟದ ಮೇಲಿನಿಂದ ಬಂದ ಪರೀಕ್ಷಕರು, ವಯಸ್ಸಾದವರು, ಎಂಟನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಒಳ್ಳೆಯ ಶುರುವಾಗಲಿ ಎಂದು ಸರ್ ಗೆಳತಿಯ ಸಮಾಜ ಪಾಠವನ್ನು ಮೊದಲಿಗೆ ಇಟ್ಟಿದ್ದರು. ನನ್ನದು ಕೊನೆಗೆ. ಕಾಯುವುದೇ ನನ್ನಂಥವರಿಗೆ ಕಷ್ಟ ಎಂಬುದು ಅವರಿಗೆ ಗೊತ್ತಿತ್ತೋ ಇಲ್ಲವೋ. ನಾನು ಎಂದಿನ ಹಾಗೆ ಶಾಲೆಯ ಹಿಂದಕ್ಕೆ ಹೋದೆ. ಅಲ್ಲಿ ಗೋಡೆಗೆ ಒರಗಿ ಗೆಳತಿ ನಿಂತಿದ್ದಳು. ಮುಖದಲ್ಲಿ ರಕ್ತವೇ ಇಲ್ಲ, ಹಣೆಯಿಂದ ಬೆವರು ಇಳಿಯುತ್ತಿದೆ.

"ಎದೆಯಲ್ಲಿ ಎಂತದೋ ಆಗ್ತಾ ಉಂಟು ಮಾರಾಯ್ತಿ. ಉಸಿರು ಸಿಗ್ತಾ ಇಲ್ಲ. ನಾನು ಸಾಯ್ತೇನೆ. ನಾನು ಮನೆಗೆ ಹೋಗ್ತೇನೆ."

ಹುಟ್ಟಿದಂದಿನಿಂದ ಹೆದರಿಕೆಯ ಮುಖವನ್ನೇ ನೋಡದವಳು. ಮೊದಲ ಸಲ ಬಂದಾಗ ಅದು ಸಾವು ಎಂದೇ ತಿಳಿದಿದ್ದಳು. ಪಾಪ, ಅವಳಿಗೆ ಅಭ್ಯಾಸವೇ ಇಲ್ಲ. ನಾನು ಅವಳ ಕೈ ಹಿಡಿದುಕೊಂಡೆ.

"ಸಾಯುವುದಿಲ್ಲ. ನನ್ನನ್ನು ನೋಡು, ನಾನು ಎಷ್ಟು ಸಲ ಸತ್ತಿದ್ದೇನೆ! ಕೂತುಕೋ. ಉಸಿರು ಒಳಗೆ ಎಳೆಯಬೇಡ, ಮೊದಲು ಹೊರಗೆ ಬಿಡು. ನಿಧಾನ. ಇದು ಏರುತ್ತದೆ, ಏರಿ ಒಂದು ಕಡೆ ನಿಲ್ಲುತ್ತದೆ, ಆಮೇಲೆ ಇಳಿಯಲೇಬೇಕು. ಇಳಿಯುವವರೆಗೆ ಇಲ್ಲೇ ಇರು. ಓಡಿದರೆ ಅದು ಹಿಂದೆಯೇ ಬರುತ್ತದೆ."

ಬಾವಿಯಿಂದ ತಣ್ಣೀರು ಸೇದಿ ಅವಳ ಮುಖಕ್ಕೆ, ಮಣಿಕಟ್ಟಿಗೆ ಹಾಕಿದೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ಹುಡುಕಿಕೊಂಡು ಬಂದ ಸರ್ ಅವಳ ಅವಸ್ಥೆ ನೋಡಿ ನಿಂತುಬಿಟ್ಟರು.

"ಇವರಿಗೂ ಶುರುವಾಯಿತಾ? ಜತೆಯಲ್ಲಿದ್ದು ಹಿಡಿದದ್ದು ಇದು. ಮನೆಗೆ ಕಳಿಸುವ, ಮುಂದಿನ ವರ್ಷ ಬರೆಯಲಿ."

ಗೆಳತಿ ನನ್ನ ಕೈಯನ್ನು ಬಿಗಿಯಾಗಿ ಹಿಡಿದಳು. ಅವಳ ಮನೆಯಲ್ಲೂ ಮುಂದಿನ ವರ್ಷ ಎಂಬುದಿರಲಿಲ್ಲ. ನಾನು ಎದ್ದು ನಿಂತೆ. "ಸರ್, ಅವಳು ಪಾಠ ಮಾಡುತ್ತಾಳೆ. ಅವಳಿಗೆ ಸ್ವಲ್ಪ ಹೊತ್ತು ಬೇಕು, ಅಷ್ಟೆ. ಅವಳದ್ದು ಕೊನೆಗೆ ಇಡಿ. ಈಗ ನಾನು ಹೋಗುತ್ತೇನೆ. ತರಗತಿ ಒಂದೇ ಅಲ್ವಾ?"

"ಅದನ್ನು ನೀವು ಹೇಳುವುದಾ?"

"ಹೌದು ಸರ್. ಈ ಒಂದು ವಿಷಯದಲ್ಲಿ ನಿಮಗಿಂತ ನನಗೆ ಜಾಸ್ತಿ ಗೊತ್ತುಂಟು."

ಆ ಮಾತು ನನ್ನ ಬಾಯಿಂದ ಹೊರಟದ್ದು ನಿಜ. ಚೀಲ ಎತ್ತಿಕೊಂಡು ತರಗತಿಯ ಕಡೆ ನಡೆದೆ. ವಾಂತಿ ಮಾಡಲೂ ಸಮಯವಿರಲಿಲ್ಲ.

ಲೋಟಕ್ಕೆ ನೀರು ತುಂಬುವಾಗಲೇ ಮಕ್ಕಳು ನನ್ನ ಕೈ ನೋಡಿ ಪಿಸುಗುಟ್ಟಿದರು. ರಟ್ಟು ಮುಚ್ಚಿ ಮಗುಚಿದೆ. ಅಂಚಿನಿಂದ ಒಂದಿಷ್ಟು ಹನಿ ಸೀರೆಯ ಮೇಲೆ ಬಿತ್ತು. ಮುಂದಿನ ಬೆಂಚಿನ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಹಿಂದಿನ ಬೆಂಚಿಗೆ ಬಂದು ಕೂತಿದ್ದ ಸರ್ ಪರೀಕ್ಷಕರ ಕಿವಿಗೆ ಬಗ್ಗಿ ಏನೋ ಹೇಳುತ್ತಿದ್ದರು. ನಾನು ಕೈಯನ್ನು ಇನ್ನೂ ಮೇಲೆ ಎತ್ತಿದೆ, ಕೊನೆಯ ಸಾಲಿಗೂ ಕಾಣುವ ಹಾಗೆ.

"ನನ್ನ ಕೈ ನಡುಗುತ್ತಾ ಉಂಟು. ಎಲ್ಲರಿಗೂ ಕಾಣುತ್ತದಾ?"

"ಕಾಣ್ತದೆ ಟೀಚರ್."

"ಈಗ ರಟ್ಟು ಬಿಡುತ್ತೇನೆ. ನೀರು ಬೀಳುತ್ತದಾ?"

"ಬೀಳ್ತದೆ!"

ಬಿಟ್ಟೆ. ಲೋಟ ನಡುಗಿತು, ಲೋಟದೊಳಗಿನ ನೀರು ನಡುಗಿತು, ರಟ್ಟು ಕದಲಲಿಲ್ಲ. ತರಗತಿ ಉಸಿರು ಬಿಗಿಹಿಡಿದು ನೋಡಿತು. ಯಾಕೆ ಬೀಳಲಿಲ್ಲ ಎಂದು ನಾನು ಕೇಳಬೇಕಾಗಲಿಲ್ಲ, ಮಕ್ಕಳೇ ನನ್ನನ್ನು ಕೇಳಿದರು. ಒಬ್ಬ ಎದ್ದು ನಾನು ಹಿಡಿಯುತ್ತೇನೆ ಎಂದ, ಇನ್ನೊಬ್ಬಳು ಅಡ್ಡ ಹಿಡಿದರೆ ಬೀಳುತ್ತದೆಯೇ ಎಂದಳು. ಉಳಿದ ಪಾಠವನ್ನು ಅವರ ಪ್ರಶ್ನೆಗಳೇ ಎಳೆದುಕೊಂಡು ಹೋದವು. ಗಂಟೆ ಹೊಡೆದ ಮೇಲೆ ಹೊರಗೆ ಬಂದು ತೆಂಗಿನ ಬುಡದಲ್ಲಿ ಬಾಕಿ ಇದ್ದ ಕೆಲಸ ಮುಗಿಸಿದೆ. ಕೊನೆಯ ಗಂಟೆಗೆ ಗೆಳತಿ ಪಾಠ ಮಾಡಿದಳು. ಅವಳ ಎಂದಿನ ಪಾಠವಲ್ಲ, ಒಂದೆರಡು ಕಡೆ ತಡವರಿಸಿದಳು. ಆದರೆ ಮಾಡಿದಳು.

ಆಮೇಲೆ ಒಬ್ಬೊಬ್ಬರನ್ನೇ ಹೆಡ್ಮಾಸ್ಟ್ರ ಕೋಣೆಗೆ ಮೌಖಿಕಕ್ಕೆ ಕರೆದರು. ಮೇಜಿನ ಆಚೆ ಪರೀಕ್ಷಕರು, ಪಕ್ಕದಲ್ಲಿ ಸರ್. ಪರೀಕ್ಷಕರು ಪಾಠದ ಬಗ್ಗೆ ಒಂದೂ ಪ್ರಶ್ನೆ ಕೇಳಲಿಲ್ಲ. ಕನ್ನಡಕ ತೆಗೆದು ಒರೆಸುತ್ತಾ ಕೂತರು.

"ನೀವು ಮನೋವೈದ್ಯರ ಹತ್ತಿರ ಹೋಗಿದ್ರಿ ಅಂತ ಇವರು ಹೇಳಿದ್ರು."

"ಹೌದು ಸರ್."

"ಇವತ್ತಿನ ಪಾಠ ಆಯ್ತು, ಬಿಡಿ. ಮುಂದೆ ದಿನಾ ಇದೇ ಕೆಲಸ. ಹೀಗೆ ನಡುಗೋರ ಕೈಗೆ ಮಕ್ಕಳನ್ನ ಕೊಡೋದು ಹೇಗಮ್ಮ?"

ಅವರ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾಗಿಯೇ ಕೇಳುತ್ತಿದ್ದರು. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ತೊಡೆಯ ಮೇಲಿದ್ದ ಎರಡೂ ಕೈಗಳನ್ನು ತೆಗೆದು ಮೇಜಿನ ಮೇಲೆ, ಅವರ ಎದುರಿಗೇ ಇಟ್ಟೆ. ನಡುಗಲಿ, ನೋಡಲಿ.

"ಆ ಮಕ್ಕಳಲ್ಲಿ ಎಷ್ಟೋ ಜನ ನನ್ನ ಹಾಗೆಯೇ ನಡುಗುವವರು ಇರುತ್ತಾರೆ ಸರ್. ಅವರನ್ನು ಯಾರ ಕೈಗೆ ಕೊಡುತ್ತೀರಿ?"

ಪರೀಕ್ಷಕರು ಸರ್ ಕಡೆ ನೋಡಿದರು. ಆಮೇಲೆ ಕನ್ನಡಕ ಹಾಕಿಕೊಂಡು, ಪೆನ್ನಿನ ಮುಚ್ಚಳ ತೆಗೆದು, ನನಗೆ ಕಾಣುವ ಹಾಗೆಯೇ ಅಂಕ ಬರೆದರು. ದೊಡ್ಡ ಅಂಕವಲ್ಲ, ಪಾಸಿನ ಅಂಕ. ಆ ಬೇಸಿಗೆ ಕಳೆದು ಶಾಲೆ ಶುರುವಾದಾಗ ನನಗೆ ಕೆಲಸ ಸಿಕ್ಕಿತು. ನಿವೃತ್ತಿಯಾಗುವವರೆಗೂ ಈ ಊರುಗಳ ಜನ ತಮ್ಮ ಮಕ್ಕಳನ್ನು ಅದೇ ನಡುಗುವ ಕೈಗೆ ಕೊಟ್ಟರು.